ಮಾವನ ಪ್ರೊಜೆಕ್ಟರ್ ಯಾಕೆ ಓಡುವುದಿಲ್ಲ

ನಮ್ಮ ಸೋದರಮಾವನನ್ನು ಕಂಡರೆ ಕರೆಂಟೇ ಹೆದರುತ್ತದೆ ಎಂದು ಗುಂಡ್ಲುಪೇಟೆಯ ಜನ ಹೇಳುತ್ತಾರೆ. ಹೇಳಲಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಗಂಟಲು ಹರಿದುಕೊಂಡ ನಾನು ಇಂಥದ್ದನ್ನೆಲ್ಲ ಸುಮ್ಮನೆ ಒಪ್ಪುವವಳಲ್ಲ. ಕರೆಂಟ್ ಹೆದರುವುದಾದರೆ ಮಾವನ ಬಲ ಹೆಬ್ಬೆರಳಿನ ಉಗುರು ಯಾಕೆ ಕಪ್ಪಾಗಿದೆ? ಎಡಗಣ್ಣಿನ ಹುಬ್ಬು ಎಲ್ಲಿ ಹೋಯಿತು? ಸಾಕ್ಷ್ಯ ನೋಡಿದರೆ ಹೆದರಬೇಕಾದವರು ಯಾರೆಂಬುದು ಸ್ಪಷ್ಟವಾಗಿದೆ!

ಜನರ ಕತೆಗೆ ಎರಡನೆಯ ಭಾಗವೂ ಇದೆ. ಲೈನ್‌ಮ್ಯಾನ್ ಆಗಿ ಆಯುಸ್ಸೆಲ್ಲ ಕಂಬ ಹತ್ತಿದ ಮಾವ, ರಿಟೈರಾದ ಮೇಲೂ ಸತ್ತ ಮೋಟಾರು, ಮಿಕ್ಸಿಗಳನ್ನೆಲ್ಲ ಬದುಕಿಸಿದರಂತೆ. ಮನೆಯ ಹಳೇ ಸಿನಿಮಾ ಪ್ರೊಜೆಕ್ಟರೊಂದು ಮಾತ್ರ ಅವರಿಗೆ ಬಗ್ಗಲಿಲ್ಲವಂತೆ. ಇದನ್ನಂತೂ ನಾನು ಸುತರಾಂ ಒಪ್ಪುವುದಿಲ್ಲ. ಒಂದು ಬಲ್ಬು, ಒಂದು ಮೋಟಾರು, ಎರಡು ಸ್ವಿಚ್ಚು. ಎರಡು ವರ್ಷ ಸತಾಯಿಸಲು ಅದರೊಳಗೆ ಇನ್ನೇನಿದೆ?

ಅದು ಬಂದದ್ದು ಕೇರಳಕ್ಕೆ ಹೋಗುವ ರಸ್ತೆಯಲ್ಲಿದ್ದ ಒಂದು ಮಲಯಾಳಿ ಮನೆಯಿಂದ. ವೈರಿಂಗ್ ಮಾಡಲು ಹೋಗಿದ್ದ ಮಾವ, ಅವರು ಗುಜರಿಗೆ ಹಾಕಲು ಹೊರಗಿಟ್ಟಿದ್ದ ಪೆಟ್ಟಿಗೆಯನ್ನು ಕೂಸಿನಂತೆ ಎತ್ತಿಕೊಂಡು ಬಂದರು. ಜೊತೆಗೊಂದು ರೀಲು. ಬಂದವರೇ ಪ್ಲಗ್ ಚುಚ್ಚಿದರು. ಅದರ ಬೆನ್ನ ಮೇಲೆ ನೂರಹತ್ತು ವೋಲ್ಟ್ ಎಂದು ಬರೆದಿತ್ತು. ನಮ್ಮ ಕಡೆಯ ಕರೆಂಟು ಅದರ ಎರಡರಷ್ಟು. ‘ಫಳ್’ ಅಂತ ಒಂದು ಬೆಳಕು. ಹುಬ್ಬು ಹೋದದ್ದು ಅವತ್ತೇ.

“ಬರೆದಿರೋದನ್ನ ಓದಬಾರದಾ ಮಾವ?”

“ಓದ್ಕೊಂಡು ಕೂತಿದ್ರೆ ಮೇಷ್ಟ್ರಾಗ್ತಿದ್ದೆ ಕಣಮ್ಮಿ!”

ಆಮೇಲೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬಂತು, ಹೊಸ ಬಲ್ಬು ಬಂತು, ಬೇಗೂರಿನಿಂದ ನೆಂಟರೂ ಬಂದರು. ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರದರ್ಶನ. ರೀಲಿನಲ್ಲಿದ್ದದ್ದು ಯಾರೋ ಗೊತ್ತಿಲ್ಲದ ತಾತ, ಯಾವುದೋ ಸಮುದ್ರದ ದಂಡೆಯಲ್ಲಿ ಮುಂಡು ಎತ್ತಿ ಕಟ್ಟುತ್ತಿದ್ದರು. ಅಷ್ಟರಲ್ಲಿ ಮೋಟಾರು ನಿಂತಿತು. ಬಲ್ಬು ನಿಲ್ಲಲಿಲ್ಲ. ನಿಂತ ಫಿಲ್ಮಿಗೆ ಬಲ್ಬಿನ ಕಾವು ತಗುಲಿ, ತಾತನ ಮೂಗಿನ ಮೇಲೆ ಕಂದು ಚುಕ್ಕೆ ಮೂಡಿ, ನಾವು ನೋಡುನೋಡುತ್ತಿದ್ದಂತೆ ಇಡೀ ಮುಖವೇ ಕರಗಿಹೋಯಿತು. ನೆಂಟರು ಚಪ್ಪಾಳೆ ತಟ್ಟಿದರು. ಅದೂ ಸಿನಿಮಾದಲ್ಲೇ ಇದೆ ಅಂದುಕೊಂಡಿದ್ದರು!

ಇಲ್ಲಿಯವರೆಗೆ ನಗಬಹುದು. ಅದೇ ವರ್ಷ ಮಾವನ ಎದೆಗೆ ಎರಡು ಸ್ಟೆಂಟ್ ಬಿದ್ದವು. “ಏಣಿ ಹತ್ತೋದಾದ್ರೆ ಇನ್ನು ನನ್ನ ಹತ್ರ ಬರಬೇಡಿ, ಅಲ್ಲಿಂದಲೇ ಮೇಲಕ್ಕೆ ಹೋಗ್ಬಿಡಿ” ಎಂದರು ಮೈಸೂರಿನ ಡಾಕ್ಟರು. ಮಾವ ತಲೆಯಾಡಿಸಿದರು. ತಿಂಗಳು ಕಳೆಯುವುದರೊಳಗೆ ಪಕ್ಕದ ಬೀದಿಯಲ್ಲಿ ಕಂಬದ ಅರ್ಧದಲ್ಲಿ ಬೆವರುತ್ತಾ ಅಂಟಿಕೊಂಡಿದ್ದರು. ನಾಲ್ಕು ಜನ ಸೇರಿ ಇಳಿಸಿದರು. ಅತ್ತೆ ಮೂರು ದಿನ ಮಾತಾಡಲಿಲ್ಲ. ನಮ್ಮತ್ತೆ ಮೂರು ದಿನ ಮಾತಾಡದಿರುವುದೆಂದರೆ ಊರಿಗೇ ಕರೆಂಟು ಹೋದಂತೆ.

ಆದರೆ ಫೋನುಗಳು ನಿಲ್ಲಬೇಕಲ್ಲ? “ಅಣ್ಣ, ಲೈನ್ ಹೋಗ್ಬುಟ್ಟದೆ, ಒಂದ್ಗಳಿಗೆ ಬಂದೋಗಿ.” ಇಲ್ಲ ಅನ್ನುವುದು ಮಾವನ ಜಾತಕದಲ್ಲೇ ಇಲ್ಲ. ಇರುವುದು ಒಂದೇ ನಿಯಮ, ಅವರಿಗೆ ಕೆಲಸ ಕಲಿಸಿದ ಹಿರಿಯ ಲೈನ್‌ಮ್ಯಾನ್ ಹೇಳಿಕೊಟ್ಟದ್ದು: ಬಿಚ್ಚಿದ್ದನ್ನು ಮುಚ್ಚುವ ತನಕ ಇನ್ನೊಂದಕ್ಕೆ ಕೈ ಹಾಕಬಾರದು. ಕಂಬದ ಮೇಲಿರುವವನ ತಲೆ ಬಿಚ್ಚಿಟ್ಟ ಇನ್ನೊಂದು ಕೆಲಸದಲ್ಲಿದ್ದರೆ ಹೆಣ ಇಳಿಯುತ್ತದೆ ಎಂದು. ಹಾಗಾಗಿ ಊಟದ ಮೇಜಿನ ಮೇಲೆ ಪ್ರೊಜೆಕ್ಟರ್ ಹೊಟ್ಟೆ ಬಿಚ್ಚಿಕೊಂಡು ಮಲಗಿರುವಷ್ಟು ದಿನ ಮಾವನ ಉತ್ತರ ಒಂದೇ: “ಈ ಮಿಷನ್ ಮುಚ್ಬುಟ್ಟು ಬತ್ತೀನಿ ಕಣಪ್ಪ.”

ಮಿಷನ್ ಮುಚ್ಚುವ ಹಾಗೆ ಕಾಣುತ್ತಿರಲಿಲ್ಲ. ಸಂಜೆ ಮೋಟಾರು ಸರಿ ಮಾಡಿದರೆ ಬೆಳಗ್ಗೆ ಬಲ್ಬು ಮುಷ್ಕರ. ಬಲ್ಬು ಸರಿಯಾದರೆ ಮೋಟಾರು ಮೌನವ್ರತ. ಮಾವನ ಸಿದ್ಧಾಂತಗಳೋ! ಅರ್ತಿಂಗ್ ಸರಿಯಿಲ್ಲ. ಒಳಗೆ ಇರುವೆ ಹೊಕ್ಕಿದೆ. ಕೊನೆಗೆ, “ನೀ ನೋಡ್ತಾ ಇದ್ರೆ ಓಡಲ್ಲ ಕಣಮ್ಮಿ, ನಿಂಗೆ ನಂಬಿಕೆ ಇಲ್ಲ.”

“ನಂಬಿಕೆಯಿಂದ ಮೋಟಾರು ತಿರುಗೋದಾದ್ರೆ ಮೀಟರ್ ಯಾಕೆ ಮಾವ?”

“ನಿನ್ನ ಕಟ್ಕಳೋನು ಪಾಪ ಕಣಮ್ಮಿ!”

ಒಮ್ಮೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನಾವಿರುವ ಚಾಮರಾಜನಗರಕ್ಕೇ ಬಂದರು. ನಮ್ಮ ಮನೆಯ ಹತ್ತಿರ ಮೈಕ್‌ಸೆಟ್ ರಿಪೇರಿಯ ಸಾಹೇಬರೊಬ್ಬರ ಅಂಗಡಿಯಿದೆ. ನಾನು ಟೀ ಹೇಳಿ ಬರುವಷ್ಟರಲ್ಲಿ ಪ್ರೊಜೆಕ್ಟರ್ ಟಕಟಕ ಓಡುತ್ತಿತ್ತು! ಏನಾಗಿತ್ತು ಎಂದರೆ ಸಾಹೇಬರು ಗಡ್ಡ ನೀವಿಕೊಂಡು, “ಮಿಷಿನ್‌ನಲ್ಲಿ ಫಾಲ್ಟ್ ಇಲ್ಲಮ್ಮ” ಎಂದರು. ಮಾವ ಟೀ ಕುಡಿಯದೆ ಎದ್ದರು. ಮಾರನೇ ದಿನ ಗುಂಡ್ಲುಪೇಟೆಯಲ್ಲಿ ಅದು ಮತ್ತೆ ಓಡಲಿಲ್ಲ. ದಾರಿಯ ಹಂಪುಗಳ ಮೇಲೆ ಅಪವಾದ ಬಿತ್ತು.

ಇನ್ನು ಸಹಿಸಲಾಗಲಿಲ್ಲ. ಕಳೆದ ತಿಂಗಳು ರಜೆಗೆ ಹೋದಾಗ, ಮಾವ ಸ್ನಾನಕ್ಕೆ ಹೋದ ಹೊತ್ತು ನೋಡಿ, ಪ್ಲಗ್ ಕಿತ್ತು, ಮೋಟಾರಿನ ಸ್ವಿಚ್ಚು ಬಿಚ್ಚಿದೆ. ಒಂದಕ್ಕೊಂದು ತಾಗಬೇಕಾದ ಎರಡು ಹಿತ್ತಾಳೆ ಪಟ್ಟಿಗಳ ನಡುವೆ ಒಂದು ನೀಲಿ ಚೂರು. ಹಾಲಿನ ಕವರು. ಕತ್ತರಿಯಲ್ಲಿ ನೇರವಾಗಿ ಕತ್ತರಿಸಿದ್ದು. ಇರುವೆಗಳು ಕತ್ತರಿ ಹಿಡಿಯುವುದನ್ನು ನಾನಂತೂ ನೋಡಿಲ್ಲ!

ಅಡುಗೆಮನೆಗೆ ಹೋಗಿ ಅತ್ತೆಯ ಮೂಗಿನ ಕೆಳಗೆ ಹಿಡಿದೆ. ಅವರು ಹುರುಳಿಕಾಳು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಹಾಲಿನ ಕವರ್ ಕಣವ್ವ. ಅದ್ಕೇನೀಗ?”

“ಇದು ಮೋಸ ಅತ್ತೆ! ಎರಡು ವರ್ಷದಿಂದ ಆ ಮನುಷ್ಯ ತಲೆ ಕೆಡಿಸ್ಕೊಂಡು...”

“ಊಂ, ಮೋಸವೇ. ಅದು ಓಡ್ತು ಅಂದ್ರೆ ಮುಚ್ತಾರೆ. ಮುಚ್ಚಿದ್ರೆ ಏಣಿ ತಗತಾರೆ. ಕಂಬದ ಮೇಲಿಂದ ಇಳಿಸ್ದಾಗ ಆ ಕೈ ಎಷ್ಟು ತಣ್ಣಗಿತ್ತು ಅಂತ ನಿಂಗೊತ್ತಾ? ನೀನು ಭಾಷಣದೋಳಲ್ವಾ, ಅದ್ಕೊಂದು ಉತ್ರ ಏಳು.”

ಎದುರು ಪಕ್ಷದವರು ಗೆದ್ದರೆಂದು ನಾನು ಒಪ್ಪಿಕೊಂಡದ್ದು ಅದೊಂದೇ ಸಲ.

ಅಪರಾಧದ ಚೂರನ್ನು ಇದ್ದಲ್ಲೇ ಇಟ್ಟುಬಿಡೋಣ ಎಂದು ವಾಪಸು ಬಂದರೆ, ಮಾವ ಆಗಲೇ ವಿಭೂತಿ ಬಳಿದುಕೊಂಡು ಮೇಜಿನ ಮುಂದೆ ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ. ಬಿಚ್ಚಿದ ಸ್ವಿಚ್ಚನ್ನು ಒಂದು ಕ್ಷಣ ನೋಡಿದರು. ಫೋನು ಹೊಡೆದುಕೊಳ್ಳುತ್ತಿತ್ತು. ಎತ್ತಲಿಲ್ಲ. ಸಾಮಾನಿನ ಚೀಲದಿಂದ ಸ್ಕ್ರೂಗಳ ಹಳೇ ಡಬ್ಬಿ ತೆಗೆದು ಅಂಗೈಗೆ ಬಗ್ಗಿಸಿದರು. ಒಂದು ಸ್ಕ್ರೂ ಕೂಡ ಬೀಳಲಿಲ್ಲ. ಬಿದ್ದದ್ದು ನೀಲಿ ಚೂರುಗಳು, ಇಪ್ಪತ್ತೋ ಮೂವತ್ತೋ. ಅದರಲ್ಲಿ ಚೆನ್ನಾಗಿದ್ದ ಒಂದನ್ನು ಆರಿಸಿ, ಹಿತ್ತಾಳೆ ಪಟ್ಟಿಗಳ ನಡುವೆ ಹುಷಾರಾಗಿ ಸಿಕ್ಕಿಸಿದರು. ಆಮೇಲೆ ಫೋನೆತ್ತಿ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

“ಇಲ್ಲ ಕಣಪ್ಪ, ಇವತ್ತೂ ಓಡ್ತಾ ಇಲ್ಲ. ಇದ್ನ ಬುಟ್ಟು ಎಂಗ್ ಬರದು?”

ಫೋನಿಟ್ಟು ತಿರುಗಿದವರು ನನ್ನನ್ನು ನೋಡಿದರು. ನನ್ನ ಕೈಯಲ್ಲಿದ್ದ ಚೂರನ್ನೂ ನೋಡಿದರು. ನನಗೆ ಕೇಳಲು ಒಂದೇ ಪ್ರಶ್ನೆ ಉಳಿದಿತ್ತು.

“ಮಾವ, ನಿಮಗೆ ಗೊತ್ತು ಅನ್ನೋದು ಅತ್ತೆಗೆ ಗೊತ್ತಾ?”