ನನ್ನ ಗಂಟು ಸಭೆಯ ಅಜೆಂಡಾದಲ್ಲಿಲ್ಲವಂತೆ

ಶ್ರೀ ಮುರುಗಪ್ಪನವರಿಗೆ,
ಅಧ್ಯಕ್ಷರು, ಪಲ್ಲವಿ ಕ್ಯಾನ್ಸರ್ ಚಿಕಿತ್ಸಾ ಸಹಕಾರ ಸಮಿತಿ, ಹೊಸದುರ್ಗ.

ಮಾನ್ಯರೇ,

ತೆಂಗು ಬೆಳೆಗಾರರ ಸಂಘವನ್ನು ಎರಡು ಅವಧಿ ಆಳಿ, ಮೂರನೆಯದಕ್ಕೆ ಮತದಾರರು ಬೇಡವೆಂದರೂ ಸಭೆ ಕರೆಯುವುದನ್ನು ಬಿಡದ ತಮಗೆ, ತಮ್ಮ ಸೊಸೆಯೂ ತಮ್ಮ ಸಮಿತಿಯ ಏಕೈಕ ಕಾಯಿಲೆಯೂ ಆದ ಪಲ್ಲವಿಯ ಸಾವಿರ ನಮಸ್ಕಾರಗಳು. ಇದನ್ನು ಅಡುಗೆಮನೆಯಿಂದ ನಡುಮನೆಗೆ ಬಂದು ಬಾಯಲ್ಲೇ ಹೇಳಬಹುದಿತ್ತು. ಆದರೆ ಲಿಖಿತ ಅರ್ಜಿಯಿಲ್ಲದೆ ಯಾವ ವಿಷಯವೂ ಸಭೆಯ ಮುಂದೆ ಬರಕೂಡದೆಂಬ ತಮ್ಮ ನಿಯಮಕ್ಕೆ ತಲೆಬಾಗಿ ಸಮಿತಿಯ ವಾಟ್ಸ್ಯಾಪ್ ಗುಂಪಿಗೇ ಹಾಕುತ್ತಿದ್ದೇನೆ. ಗುಂಪಿನಲ್ಲಿ ನಾನಿಲ್ಲ, ಆದ್ದರಿಂದ ಸದಸ್ಯರಾದ ನನ್ನ ಯಜಮಾನರ ಫೋನಿನಿಂದ.

ಕಳೆದ ವರ್ಷ ನನ್ನ ಎದೆಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದ ದಿನ, ಚಿತ್ರದುರ್ಗದ ಆಸ್ಪತ್ರೆಯ ನರ್ಸ್ ಮಾಹೀರಾ ತಮ್ಮೆದುರಿಗೇ ಹೇಳಿದ್ದರು: "ಅಕ್ಕ, ಇದು ಒಬ್ರ ಕೈಲಿ ಆಗಲ್ಲ. ನಿಮ್ದೊಂದು ಟೀಮ್ ಮಾಡ್ಕಳ್ರಿ. ಡಾಕ್ಟ್ರು ಅದಾರೆ, ನಾನಿದೀನಿ, ಮನೇಲಿ ಒಬ್ರು, ಬೀದೀಲಿ ಒಬ್ರು ಇರ್ಲಿ. ಟ್ರೀಟ್‌ಮೆಂಟ್ ಮುಗಿದ್ ಮ್ಯಾಲೂ ಬೇಕಾಗ್ತೈತೆ." ಇದಕ್ಕಿಂತ ಸರಳವಾದ ಮಾತನ್ನು ನಾನು ಬಿ.ಕಾಂ. ಓದುವಾಗಲೂ ಕೇಳಿರಲಿಲ್ಲ. ತಾವಾದರೋ ಊರಿಗೆ ಬಂದ ಮೂರನೇ ದಿನಕ್ಕೆ ಸರ್ವಸದಸ್ಯರ ಸಭೆ ಕರೆದು, ಒಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಒಬ್ಬ ಕಾರ್ಯದರ್ಶಿ ಹಾಗೂ ಏಳು ಮಂದಿ ನಿರ್ದೇಶಕರನ್ನು ಅವಿರೋಧವಾಗಿ ಆರಿಸಿಬಿಟ್ಟಿರಿ. ವೈದ್ಯಕೀಯ ಅನುಭವವುಳ್ಳವರು ಒಬ್ಬರಾದರೂ ಇರಲೆಂದು ಪಶು ಆಸ್ಪತ್ರೆಯಿಂದ ನಿವೃತ್ತರಾದ ಪರಮೇಶ್ವರಪ್ಪನವರನ್ನು ಉಪಾಧ್ಯಕ್ಷರನ್ನಾಗಿ ಮಾಡಿದ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ಅವರು ನನ್ನನ್ನು ನೋಡಿದಾಗಲೆಲ್ಲ "ಮೇವು ಸರಿಯಾಗಿ ತಗತಾಳಾ?" ಎಂದು ಕೇಳುವುದನ್ನು ಒಮ್ಮೆಯೂ ಮರೆತಿಲ್ಲ.

ಮಹಿಳಾ ಮೀಸಲು ಸ್ಥಾನಕ್ಕೆ ಅತ್ತೆಯವರನ್ನು ಆರಿಸಿ, ಅವರ ಸಹಿಯನ್ನು ಕಾರ್ಯದರ್ಶಿ ಮೂರ್ತಪ್ಪನವರೇ ಹಾಕಿಕೊಂಡದ್ದರಿಂದ ಅತ್ತೆಯವರಿಗೆ ಸಭೆಯ ತೊಂದರೆಯೇ ಇಲ್ಲದಾಯಿತು. ಕೀಮೋ ಆದ ದಿನಗಳಲ್ಲಿ ನನ್ನ ಮಗಳನ್ನು ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನನ್ನ ವಾಂತಿಯ ಬಕೆಟ್ಟು ತೊಳೆದ ಪಕ್ಕದ ಮನೆಯ ರಂಗಕ್ಕನಿಗೆ ಮಾತ್ರ ಸ್ಥಾನ ಸಿಗಲಿಲ್ಲ. ಆಕೆ ಯಾವ ವಾರ್ಡನ್ನೂ ಪ್ರತಿನಿಧಿಸುವುದಿಲ್ಲವೆಂದು ತಾವೇ ವಿವರಿಸಿದಿರಿ.

ಸಮಿತಿಯ ಸಾಧನೆಗಳನ್ನು ನೆನೆದರೆ ಕಣ್ಣು ತುಂಬುತ್ತದೆ. ನನ್ನ ಕೂದಲು ಉದುರಿದ್ದನ್ನು ತೀವ್ರವಾಗಿ ಖಂಡಿಸಲಾಯಿತು. ವಾಂತಿಯ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ವಾಂತಿಗೆ ನೋಟಿಸು ತಲುಪಿರದ ಕಾರಣ ಅದು ಅಂದೇ ಬಂದು ಹೋಯಿತು. ತೆಂಗಿನ ಸಂಘದ ಹಳೆಯ ರೂಢಿಯಂತೆ ಮೂರ್ತಪ್ಪನವರು ಪ್ರತಿ ಸಭೆಯ ಆರಂಭದಲ್ಲಿ ಒಂದು ನಿಮಿಷ ಮೌನ ಆಚರಿಸುತ್ತಾರಷ್ಟೆ. ಒಮ್ಮೆ ಟೀ ತಟ್ಟೆ ಹಿಡಿದು ಬಾಗಿಲಲ್ಲಿದ್ದ ನಾನು, ಯಾರಿಗೆಂದು ಕೇಳುವ ಧೈರ್ಯ ಸಾಲದೆ ತಲೆ ತಗ್ಗಿಸಿ ನಿಂತೆ. ಸಭೆಯಲ್ಲಿದ್ದವರೆಲ್ಲ ಕಣ್ಣು ತೆರೆದದ್ದೇ ನನ್ನ ಕಡೆ ನೋಡಿದರು.

ಕೊನೆಯ ರೇಡಿಯೇಷನ್ ಮುಗಿದ ವಾರ, "ಸದರಿ ಕಾಯಿಲೆಯು ಇಲ್ಲಿಗೆ ಮುಕ್ತಾಯವಾಗಿದೆ" ಎಂದು ಸರ್ವಾನುಮತದ ಠರಾವು ಮಾಡಿ ಎಲ್ಲರೂ ಮೈಸೂರು ಪಾಕು ತಿಂದಿರಿ. ಅಲ್ಲಿಂದ ಮುಂದೆ ಆಸ್ಪತ್ರೆಗೆ ಹೋದೆಯಾ, ಮಾತ್ರೆ ತಗೊಂಡೆಯಾ, ಕೈ ಎತ್ತಲು ಬರುತ್ತದೆಯಾ ಎಂದು ಯಾವ ನಿರ್ದೇಶಕರೂ ಕೇಳಿಲ್ಲ. ಮುಗಿದದ್ದನ್ನು ಕೇಳುವುದು ಸಭಾ ಮರ್ಯಾದೆಗೆ ಒಪ್ಪುವುದಿಲ್ಲ. ಕಷ್ಟವೇನೆಂದರೆ, ಮಾನ್ಯರೇ, ಹದಿನೈದು ದಿನದ ಹಿಂದೆ ಸ್ನಾನ ಮಾಡುವಾಗ ಹಳೆಯ ಗಾಯದ ಪಕ್ಕದಲ್ಲಿ ಅವರೆಕಾಳಿನಷ್ಟು ಒಂದು ಗಂಟು ನನ್ನ ಬೆರಳಿಗೆ ಸಿಕ್ಕಿತು. ಅಂದಿನಿಂದ ನನಗೆ ನಿದ್ದೆಯಿಲ್ಲ. ಮೂರ್ತಪ್ಪನವರಿಗೆ ಹೇಳಿದೆ. ಅವರು ನಡವಳಿ ಪುಸ್ತಕ ತಿರುವಿ, "ಇದು ಮುಗಿದ ವಿಷ್ಯ ಕಣವ್ವ. ಆರು ತಿಂಗ್ಳು ಮತ್ತೆ ಎತ್ತಂಗಿಲ್ಲ, ಬೈಲಾ ಐತೆ. ಈಗ್ಲೇ ಎತ್ತಿದ್ರೆ ಅಧ್ಯಕ್ಷರ ಠರಾವಿಗೆ ಅವಮಾನ ಆಗಲ್ವಾ?" ಎಂದರು.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ. ತಾವು ದಯಮಾಡಿ ಸದರಿ ಗಂಟಿಗೆ ಒಂದು ನೋಟಿಸು ಜಾರಿ ಮಾಡಿ, ಆರು ತಿಂಗಳು ಬೆಳೆಯದಂತೆ ತಾಕೀತು ಮಾಡಬೇಕು. ಅದು ಸಹಿ ಹಾಕಿ ಸ್ವೀಕರಿಸದಿದ್ದರೆ ಬಾಗಿಲಿಗೆ ಅಂಟಿಸಬೇಕು. ಅದಕ್ಕೂ ಜಗ್ಗದಿದ್ದರೆ, ಎರಡೂವರೆ ವರ್ಷದ ನನ್ನ ಮಗಳನ್ನು ತಕ್ಷಣದಿಂದ ಜಾರಿಗೆ ಬರುವಂತೆ ಹದಿನೆಂಟು ವರ್ಷದವಳೆಂದು ಘೋಷಿಸಿ, ತಾನೇ ಜಡೆ ಹಾಕಿಕೊಳ್ಳುವ, ತಾನೇ ಅನ್ನ ಕಲಸಿಕೊಳ್ಳುವ, ಅಮ್ಮ ಎಲ್ಲಿ ಎಂದು ಕೇಳದಿರುವ ಅಧಿಕಾರವನ್ನು ಆಕೆಗೆ ದಯಪಾಲಿಸಬೇಕು. ಇದಿಷ್ಟು ಸಮಿತಿಯ ವ್ಯಾಪ್ತಿಗೆ ಬರುತ್ತದೆಂದು ನಂಬಿದ್ದೇನೆ.

ಈ ನಡುವೆ ನನ್ನಿಂದ ಒಂದು ಶಿಸ್ತುಭಂಗವೂ ಆಗಿದೆ. ತಮ್ಮ ಅಪ್ಪಣೆ ಪಡೆಯದೆ ಮಾಹೀರಾಗೆ ಫೋನು ಮಾಡಿದೆ. ಆಕೆ ಠರಾವು ಕೇಳಲಿಲ್ಲ. "ಗಾಯದ ಗಂಟೂ ಆಗಿರಬೌದು, ಇನ್ನೊಂದೂ ಆಗಿರಬೌದು. ನೀವೇ ಕುಂತು ಯೋಚ್ನೆ ಮಾಡಬ್ಯಾಡ್ರಿ ಅಕ್ಕ, ನಾಳೇನೇ ಬರ್ರಿ, ಡಾಕ್ಟ್ರಿಗೆ ಹೇಳಿರ್ತೀನಿ" ಎಂದರು. ರಂಗಕ್ಕನಿಗೆ ಹೇಳಿದೆ. "ಏಳವ್ವ, ಹೋಗಾಣ. ಮಗೀನೂ ಕರ್ಕಳಾಣ, ಬಸ್ಸಿನಾಗೆ ಖುಷಿ ಪಡ್ತೈತೆ" ಎಂದು ಸೆರಗು ಸಿಕ್ಕಿಸಿಕೊಂಡಳು. ಸೋಮವಾರ ತಾವೆಲ್ಲ ಗತಸಭೆಯ ನಡವಳಿ ಓದುತ್ತಿದ್ದ ಹೊತ್ತಿಗೆ ಡಾಕ್ಟರು ಸೂಜಿ ಚುಚ್ಚಿ ಆ ಗಂಟಿನಿಂದ ಪರೀಕ್ಷೆಗೆ ಚೂರು ತೆಗೆದರು. ರಂಗಕ್ಕ ನನ್ನ ಕಾಲು ಹಿಡಿದುಕೊಂಡಿದ್ದಳು, ಏಕೆಂದು ನನಗೂ ತಿಳಿಯದು, ಆದರೆ ಸೂಜಿ ಹೊರಬರುವವರೆಗೂ ಬಿಡಲಿಲ್ಲ. ಹೊರಗೆ ಮಾಹೀರಾ ನನ್ನ ಮಗಳಿಗೆ ಬ್ಯಾಂಡೇಜಿನಲ್ಲಿ ಬೊಂಬೆ ಮಾಡಿಕೊಟ್ಟಿದ್ದರು. ಹೀಗೆ ಕೋರಂ ಇಲ್ಲದೆ, ಮಂಡನೆ ಅನುಮೋದನೆಗಳಿಲ್ಲದೆ ಒಂದು ಟೀಮು ತಾನಾಗಿ ಆಗಿಹೋಗಿದೆ. ಇದು ಅಕ್ರಮವಾದಲ್ಲಿ ಕ್ಷಮೆಯಿರಲಿ.

ಮೇಲಿನ ಕೋರಿಕೆಗಳನ್ನು ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರೆ ವಿಷಯಗಳಲ್ಲಿ, ಟೀ ಆರುವುದಕ್ಕೆ ಮೊದಲು, ಪರಿಶೀಲಿಸಬೇಕಾಗಿ ವಿನಂತಿ.

ಇನ್ನೂ ಇಲ್ಲೇ ಇರುವ,
ತಮ್ಮ ವಿಶ್ವಾಸಿ,
ಪಲ್ಲವಿ ರಾಜಶೇಖರ್

ವಿ.ಸೂ.: ಗುರುವಾರ ಹನ್ನೊಂದಕ್ಕೆ ವರದಿ ಬರುತ್ತದೆ. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನಾನು, ರಂಗಕ್ಕ, ಮಗಳು ಕುಳಿತ ಮೇಲೂ ಒಬ್ಬರಿಗೆ ಜಾಗ ಉಳಿಯುತ್ತದೆ. ಅಲ್ಲಿ ಮಾತಾಡುವಂತಿಲ್ಲ, ಸುಮ್ಮನೆ ಕೂರಬೇಕು. ಮಾವನವರು ಬರಬಹುದು. ಅಧ್ಯಕ್ಷರು ಬರುವುದು ಬೇಡ.