ಗುಡ್ಡ ಜಾರುವ ಪಾಠ

ಸೋಮವಾರಪೇಟೆ ಕಡೆ, ಗುಡ್ಡದ ಬುಡದಲ್ಲಿರುವ ಶಾಲೆಯೊಂದರಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಬೇರೆ ಊರಿನ ಟೀಚರುಗಳು ಭೂಕುಸಿತದ ಪಾಠ ಮುಗಿಸಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಹಾಗಲ್ಲ. ಪಾಠ ಶುರುವಾದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ.

೧. ಟ್ರೇಯೊಳಗಿನ ಗುಡ್ಡ

ಆ ವಾರವಿಡೀ ಮಳೆ ಬಿಟ್ಟಿರಲಿಲ್ಲ. ಟ್ರೇಯಲ್ಲಿ ಚಪ್ಪಡಿ ಕಲ್ಲನ್ನು ಓರೆಯಾಗಿಟ್ಟು, ಮೇಲೆ ಕೆಮ್ಮಣ್ಣು ಗುಡ್ಡೆ ಹಾಕಿದೆ. "ಕೆಳಗೆ ಗಟ್ಟಿ ಬಂಡೆ, ಮೇಲೆ ಮೆತ್ತನೆ ಮಣ್ಣು. ನಡುವೆ ನೀರು ಇಳಿದರೆ..." ಎನ್ನುತ್ತಾ ನೀರು ಸುರಿದೆ. ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಕೆಲವರು ಹಿಂದೊಮ್ಮೆ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ಮಲಗಿದ್ದವರು.

ಹೊರಗೆ 'ಧಡಾರ್' ಎಂದಿತು. ಇಡೀ ತರಗತಿ ಮೈದಾನಕ್ಕೆ ಓಡಿತು. ಎಲ್ಲರಿಗಿಂತ ಮುಂದೆ ನಾನೇ! ನೋಡಿದರೆ ಬಿಸಿಯೂಟದ ಕೋಣೆಯ ಶೀಟಿನ ಮೇಲೆ ಹಲಸಿನಹಣ್ಣು ಬಿದ್ದಿತ್ತು. ಎಲ್ಲರೂ ಒಳಗೆ ಬಂದೆವು. ಮುಂದಿನ ಬೆಂಚಿನ ಹುಡುಗಿ ಟ್ರೇಯನ್ನು ಬಗ್ಗಿ ನೋಡಿದಳು.

"ಮಿಸ್, ನಿಮ್ಮ ಗುಡ್ಡ ಇನ್ನೂ ಬಿದ್ದೇ ಇಲ್ಲ!"

೨. ಹಾರಂಗಿಗೆ ಹೊರಟ ತೋಟ

ಮಳೆ ನಮ್ಮ ಗುಡ್ಡಗಳನ್ನು ಸವೆಸಿ ಮಣ್ಣನ್ನು ಹಾರಂಗಿ ಜಲಾಶಯಕ್ಕೆ ಸಾಗಿಸುತ್ತದೆ ಎಂದು ಒಮ್ಮೆ ಹೇಳಿದ್ದೆ. ಮರುದಿನ ಬೆಳಿಗ್ಗೆ ತರಗತಿಯ ಹುಡುಗಿಯೊಬ್ಬಳ ಅಜ್ಜ ಕೊಡೆ ಬೀಸುತ್ತಾ ಬಂದರು.

"ಏನ್ ಟೀಚರೆ, ನಮ್ ಗುಡ್ಡ ಹಾರಂಗಿಗೆ ಹೋಗುತ್ತಂತೆ! ಮೊಮ್ಮಗಳು ಬಟ್ಟೆ ಕಟ್ಕೊಂಡು ಕೂತವ್ಳೆ. ಊಟ ಇಲ್ಲ, ನಿದ್ದೆ ಇಲ್ಲ."

"ಅಜ್ಜಾ, ಇಡೀ ಗುಡ್ಡ ಸವೆಯೋಕೆ ಲಕ್ಷಾಂತರ ವರ್ಷ ಬೇಕು" ಎಂದೆ.

ಅಜ್ಜ ಕೊಡೆ ಇಳಿಸಿ, ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಹಂಗಾದ್ರೆ ಈ ಸಲದ ಕಾಫಿ ಪಿಕ್ಕಿಂಗ್ ಮುಗಿಸ್ಬೋದು ಅನ್ನಿ!"

೩. ಒಬ್ಬರು ಕಮ್ಮಿ

ಗುಡ್ಡ ಜಾರಿದರೆ ಏನು ಮಾಡಬೇಕೆಂಬ ಡ್ರಿಲ್ ನೋಡಲು ಮೇಲಿನ ಆಫೀಸಿನಿಂದ ಸಾಹೇಬರೊಬ್ಬರು ಬಂದಿದ್ದರು. ದಢೂತಿ ಆಳು. ನನ್ನ ತರಗತಿಯಲ್ಲೇ ಕುಳಿತಿದ್ದರು. ಹೆಡ್‌ಮಾಸ್ಟರು ಸೀಟಿ ಊದಿದ್ದೇ ತಡ, ಮಕ್ಕಳೆಲ್ಲ ಗುಡ್ಡದಿಂದ ದೂರದ ಮೈದಾನದಲ್ಲಿ ಸಾಲಾಗಿ ನಿಂತರು. ಮಕ್ಕಳಲ್ಲಿ ಒಬ್ಬರೂ ಕಮ್ಮಿಯಿಲ್ಲ. ಸಾಹೇಬರೇ ಇಲ್ಲ!

ಹೆಡ್‌ಮಾಸ್ಟರ ಮುಖ ಬೆಳ್ಳಗಾಯಿತು. "ಹಿಂದಿನ ಬರೆ ನೋಡೋಕೆ ಹೋದ್ರಾ? ಅಲ್ಲಿ ಮಣ್ಣು ಸಡಿಲ ಆಗಿದೆಯಲ್ರೀ!" ಇಬ್ಬರೂ ಹಿತ್ತಲಿಗೆ ಓಡಿದೆವು. ಗುಡ್ಡ ಕಡಿದು ಬಿಟ್ಟ ಆ ಕಡಿದಾದ ಬರೆಯ ಕೆಸರಲ್ಲಿ ಹೆಜ್ಜೆ ಗುರುತಿಲ್ಲ. ಕೂಗಿದರೆ ಉತ್ತರವಿಲ್ಲ.

ಅಷ್ಟರಲ್ಲಿ ತರಗತಿಯೊಳಗಿಂದ ಸಣ್ಣ ನರಳಾಟ ಕೇಳಿಸಿತು. ಹೋಗಿ ನೋಡಿದರೆ ಸಾಹೇಬರು ನನ್ನ ಮೇಜಿನ ಕೆಳಗೆ, ತಲೆಯ ಮೇಲೆ ಕೈಯಿಟ್ಟುಕೊಂಡು ಮುದುಡಿ ಕುಳಿತಿದ್ದರು. ನಮ್ಮ ಹಿಂದೆಯೇ ಬಂದಿದ್ದ ಕ್ಲಾಸ್ ಲೀಡರ್ ಹುಡುಗಿ ಮಂಡಿಯೂರಿ, ಮೆಲ್ಲಗೆ ತಿಳಿಸಿ ಹೇಳಿದಳು:

"ಸಾರ್, ಮೇಜಿನ ಕೆಳಗೆ ಕೂರೋದು ಭೂಕಂಪಕ್ಕೆ. ಇದು ಭೂಕುಸಿತ. ಹೊರಗೆ ಬರ್ಬೇಕು ಸಾರ್."

"ಗೊತ್ತಾಯ್ತಮ್ಮಾ, ಆಗ್ಲೇ ಗೊತ್ತಾಯ್ತು!" ಸಾಹೇಬರು ಏದುಸಿರು ಬಿಟ್ಟರು. "ಮೊದ್ಲು ಯಾರಾದ್ರೂ ಈ ಮೇಜು ಎತ್ರಪ್ಪಾ!"