ಸ್ಕ್ಯಾನಿಗೆ ಬಂದ ಕಲ್ಲಿನ ದವಡೆ

ಕೊಳ್ಳೇಗಾಲದ ಸ್ಕ್ಯಾನ್ ಸೆಂಟರಿನಲ್ಲಿ ಸಿ.ಟಿ. ಮೆಷಿನ್ ನಡೆಸುವ ನನಗೆ ನಗು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅದೇ ಬಂದು ಸರದಿಯಲ್ಲಿ ಕೂತಿರುತ್ತದೆ. ಮೊನ್ನೆ ಒಂದು ಕಲ್ಲಿನ ರೂಪದಲ್ಲಿ ಬಂತು.

ಹಿರಿಯರು ಮೊದಲು

ತಂದವರು ಹೊನ್ನೂರಿನ ಮೇಡಂ, ಪಳೆಯುಳಿಕೆಗಳನ್ನು ಓದುವವರು. ನೀರು ಬಿಟ್ಟು ನೆಲ ಹತ್ತಿದ ಮೊದಮೊದಲ ನಾಲ್ಕು ಕಾಲಿನ ಪ್ರಾಣಿಯೊಂದರ ದವಡೆ ಆ ಕಲ್ಲಿನೊಳಗೆ ಹುದುಗಿದೆಯಂತೆ. ಹಲ್ಲು ಎಲ್ಲಿವೆಯೆಂದು ತಿಳಿಯದೆ ಉಳಿ ಇಟ್ಟರೆ ಎಲ್ಲ ಪುಡಿಪುಡಿ. ಮೊದಲು ಸ್ಕ್ಯಾನ್ ಮಾಡಿಕೊಡಲು ನಮ್ಮ ಡಾಕ್ಟರು ಸಂತೋಷದಿಂದ ಒಪ್ಪಿದರು.

ಹೊಟ್ಟೆ ಸ್ಕ್ಯಾನಿಗೆ ಬಂದಿದ್ದ ಸತ್ತೇಗಾಲದ ಅಜ್ಜಿ ತಿಂಡಿ ತಿಂದುಬಿಟ್ಟಿದ್ದರಿಂದ ಕಾಯಬೇಕಿತ್ತು. ಅವರಿಗೆ ಸಿಟ್ಟು ಬಂತು. “ಕಲ್ಗೆ ಮೊದ್ಲು, ನಂಗೆ ಆಮ್ಯಾಕಾ ಸಾ?”

“ಇದು ಕೋಟ್ಯಂತರ ವರ್ಷ ಹಳೇದು ಅಜ್ಜಿ,” ಎಂದರು ಮೇಡಂ.

ಅಜ್ಜಿ ತಟ್ಟನೆ ಕಾಲು ಮಡಚಿ ದಾರಿ ಬಿಟ್ಟರು. “ಅಂಗಾರೆ ಓಗ್ಲಿ ಬುಡಿ. ನನ್ಗಿಂತ ದೊಡ್ಡೋರು.”

ಉಸಿರು

ಅಭ್ಯಾಸಬಲ ನೋಡಿ, ಮೆಷಿನ್ನಿನ ಧ್ವನಿಯ ಬಟನ್ನನ್ನೂ ಒತ್ತಿಬಿಟ್ಟೆ. “ಉಸಿರು ಬಿಗಿಹಿಡಿಯಿರಿ, ಅಲ್ಲಾಡಬೇಡಿ,” ಎಂದಿತು. ಹೇಳಿದ ಮಾತು ಇಷ್ಟು ಚೆನ್ನಾಗಿ ಕೇಳುವ ಪೇಷಂಟನ್ನು ನಾನು ಕಂಡೇ ಇರಲಿಲ್ಲ.

“ಈಗ ಉಸಿರಾಡಿ” ಎಂದಾಗ ಪಕ್ಕದಲ್ಲಿ ಯಾರೋ ಉಸ್ಸೆಂದರು. ಮೇಡಂ!

ಬಿಳಿ ಗೀಟು

ಪರದೆಯ ಮೇಲೆ ಕಲ್ಲು ಪದರಪದರವಾಗಿ ತೆರೆದುಕೊಂಡಿತು. ಒಂದು ಚೂರೂ ಕೆತ್ತದೆ ಒಳಗಿನ ಮೂಳೆ ನೋಡುವುದೆಂದರೆ! ದಿನಾ ಒರೆಸಿ ಇಡುವ ನನ್ನ ಮೆಷಿನ್ನಿಗೆ ಅವತ್ತು ಕೈ ಮುಗಿಯಬೇಕೆನ್ನಿಸಿತು. ದವಡೆಯ ಅಂಚು ಕಂಡಿತು. ಹಲ್ಲಿರಬೇಕಾದ ಕಡೆ ಮಾತ್ರ ಬರೀ ಬಿಳಿ ಗೀಟುಗಳು.

ಮೇಡಂ ಮುಖ ಬಿಳಿಚಿಕೊಂಡಿತು. “ಹಲ್ಲೇ ಇಲ್ವಾ?”

ಇಂಥ ಗೀಟು ಬಂದರೆ ಎಲ್ಲೋ ಲೋಹವಿದೆ ಎಂದರ್ಥ. ಓಡಿಹೋಗಿ ಹೊದಿಸಿದ್ದ ಬಟ್ಟೆ ಸರಿಸಿದೆ. ಕಲ್ಲಿಗೊಂದು ಕರಿದಾರ, ದಾರದಲ್ಲಿ ತಾಮ್ರದ ತಾಯಿತ!

ಬಾಗಿಲಲ್ಲಿ ನಮ್ಮ ಮಾರ್ಟಳ್ಳಿಯ ಆಯಮ್ಮ ನಿಂತಿದ್ದಳು. ಜಗಳವಾಡಿಯಾದರೂ ಸರಿ, ಒಳಗೆ ಹೋಗುವ ಎಲ್ಲರ ತಾಯಿತ ಬಿಚ್ಚಿಸುವ ಕೆಲಸ ಅವಳದೇ.

“ನೀನೇ ಕಟ್ಟಿದ್ಯೇನಮ್ಮ?”

“ಊಂ ಸಾ. ಬೇರೆಯೋರ್ಗೆ ಮನೆಯೋರು ಇರ್ತಾರೆ. ಪಾಪ, ಇದ್ರ ಕಡೆಯೋರು ಯಾರೂ ಬಂದಿರ್ನಿಲ್ಲ.”

ತಾಯಿತ ಬಿಚ್ಚಿ ಅವಳ ಕೈಗೆ ಕೊಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿದೆ. ಗೀಟು ಮಾಯವಾಗಿ, ಸಾಲಾಗಿ ಹಲ್ಲುಗಳು ಎದ್ದುಬಂದವು, ಒಂದೂ ಮುಕ್ಕಾಗದೆ. ಮೇಡಂ ಅಳುತ್ತಲೇ ನಕ್ಕು ಆಯಮ್ಮನನ್ನು ತಬ್ಬಿಕೊಂಡರು.

ಆಯಮ್ಮ ಪರದೆಯನ್ನೇ ನೋಡುತ್ತ, ತಾಯಿತವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

“ನೋಡುದ್ರಾ ಸಾ? ಕಟ್ಟಿದ್ಕೇ ಒಂದೂ ಅಲ್ಲು ಉದ್ರಿಲ್ಲ!”